ವಯಸ್ಸಿನ ಮಿತಿ ಹೋಯಿತು, ಮನೆಯ ಮಿತಿ?



ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಮಾರ್ಚಿನಲ್ಲಿ ತೆಗೆದುಹಾಕಿತು. ಅದಕ್ಕೂ ಮೊದಲು ಸಾಮಾನ್ಯ ವರ್ಗದವರಿಗೆ 25, ಮೀಸಲಾತಿ ಉಳ್ಳವರಿಗೆ 30 ವರ್ಷವೆಂಬ ಗೆರೆ ಇತ್ತು. ಅದರ ವಿರುದ್ಧ ಅಭ್ಯರ್ಥಿಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. ಈಗ ವಿಜ್ಞಾನ ಓದಿ ಅಗತ್ಯ ಅಂಕಗಳೊಂದಿಗೆ ಪಿಯುಸಿ ಮುಗಿಸಿದವರು ಮೂವತ್ತರಲ್ಲೂ ನಲವತ್ತರಲ್ಲೂ ಈ ಪರೀಕ್ಷೆಗೆ ಕೂರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗಳಲ್ಲಿ ಈ ಸುದ್ದಿ ಜಗಲಿಯವರೆಗೆ ಬಂದಿದೆ, ಅಡುಗೆಮನೆಗೆ ಇನ್ನೂ ಮುಟ್ಟಿಲ್ಲ.

ಕಳೆದ ಶ್ರಾವಣದಲ್ಲಿ ಆ ಭಾಗದ ಮಠವೊಂದರಲ್ಲಿ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಏಳುವ ಹೊತ್ತಿಗೆ ಒಬ್ಬ ತಾಯಿ ನನ್ನ ಬಳಿ ಬಂದರು. "ಶರಣರೇ, ಪಿಯುಸಿ ಮುಗಿಸಿ ಹನ್ನೊಂದು ವರ್ಷ ಆಯ್ತು. ಮತ್ತೆ ನೀಟ್‌ಗೆ ಓದೋಕೆ ಕೂತರೆ ಜನ ನಗ್ತಾರಾ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅವರ ಅತ್ತೆಯವರು ಹೇಳಿದರು: "ನಗೋರು ನಗಲಿ ಬಿಡು. ಅಡಿಕೆ ಯಾರು ಸುಲೀತಾರೆ?"

ಅದು ಕುಹಕದ ಮಾತಲ್ಲ. ನಾವು ಉತ್ತರಿಸಬೇಕಾದದ್ದು ಆ ಹಿರಿಯರ ಪ್ರಶ್ನೆಗೇ. ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ವಾರದಲ್ಲಿ ಬರುತ್ತದೆ. ಮುಂಗಾರಿನ ಮೂರು ತಿಂಗಳು ಮಲೆನಾಡಿನಲ್ಲಿ ಕರೆಂಟಿಗೆ ಖಾತ್ರಿಯಿಲ್ಲ. ಆಮೇಲೆ ಕೊನೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಸೇರಿ ಸಂಕ್ರಾಂತಿ ದಾಟಿಸುತ್ತವೆ. ಓದುವವರಿಗೆ ತೀರಾ ಬೇಕಾದ ಚಳಿಗಾಲದ ರಾತ್ರಿಗಳನ್ನು ಅಡಿಕೆಯೇ ನುಂಗುತ್ತದೆ. ಗಂಡುಮಗ ಓದುತ್ತಿದ್ದರೆ ಮನೆಯವರು ಆಳಿಗೆ ದುಡ್ಡು ಕೊಟ್ಟು ಸುಲಿಸುತ್ತಾರೆ. ಸೊಸೆ ಓದುತ್ತೇನೆಂದರೆ ಅದೇ ಆಳಿನ ಕೂಲಿ ದುಬಾರಿಯಾಗಿ ಕಾಣುತ್ತದೆ. ಇದನ್ನು ಲಿಂಗಭೇದವಿಲ್ಲದ ಧರ್ಮವೆಂದು ವೇದಿಕೆಯಲ್ಲಿ ಹೇಳಿಕೊಳ್ಳುವ ನಾವು ಗಮನಿಸಬೇಡವೇ?

ಪರೀಕ್ಷೆಯ ಸ್ವರೂಪವನ್ನೂ ಮನೆಯವರು ತಿಳಿದಿರಬೇಕು. ಮೂರು ಗಂಟೆಯಲ್ಲಿ 180 ಪ್ರಶ್ನೆ: ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 720. ಅರ್ಧ ಭಾಗವಾದ ಜೀವಶಾಸ್ತ್ರವನ್ನು ಮನೆಯಲ್ಲೇ ಓದಿ ಮತ್ತೆ ಕೈವಶ ಮಾಡಿಕೊಳ್ಳಬಹುದು. ಭೌತಶಾಸ್ತ್ರಕ್ಕೆ ಲೆಕ್ಕದ ಅಭ್ಯಾಸ ಬೇಕು, ಅದಕ್ಕೆ ಒಬ್ಬ ಗುರು ಬೇಕು. ಹಳೆಯ ಟಿಪ್ಪಣಿ ಪುಸ್ತಕಗಳನ್ನೇ ನಂಬಬಾರದು, 2023ರ ನವೆಂಬರಿನಲ್ಲಿ ಪಠ್ಯಕ್ರಮ ಬದಲಾಗಿ ಕೆಲವು ಭಾಗಗಳು ಬಿಟ್ಟುಹೋಗಿವೆ. ಕನ್ನಡ ಆಯ್ದುಕೊಂಡವರಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ. ಅನುಮಾನ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಆದರೆ ವರ್ಷಗಟ್ಟಲೆ ಓದು ಬಿಟ್ಟವರಿಗೆ ಇವೆಲ್ಲಕ್ಕಿಂತ ಕಷ್ಟವಾದದ್ದು ಯಾರೂ ಕರೆಯದಂತೆ ಮೂರು ಗಂಟೆ ಒಂದೇ ಕಡೆ ಕೂರುವುದು. ಮನೆಯಲ್ಲಿ ಅದು ಆಗದ ಮಾತು.

ಇಲ್ಲೇ ನನಗೆ ಮಠಗಳ ನೆನಪಾಗುವುದು. ಚಿತ್ರದುರ್ಗದ ಜಯದೇವ ಜಗದ್ಗುರುಗಳು ಊರೂರಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟಿತು. ಈ ಋಣ ದೊಡ್ಡದು. ಆದರೂ ಪ್ರಸಾದ ನಿಲಯದ ಕಲ್ಪನೆಯೇ ಮನೆ ಬಿಟ್ಟು ಬರಬಲ್ಲ ಹುಡುಗನದು. ಮನೆ ಬಿಡಲಾಗದ, ಮಗುವನ್ನು ಕಂಕುಳಲ್ಲಿಟ್ಟುಕೊಂಡ ಓದುಗರಿಗೆ ನಮ್ಮ ದಾಸೋಹದಲ್ಲಿ ಇನ್ನೂ ಎಲೆ ಹಾಕಿಲ್ಲ. ಅನುಭವ ಮಂಟಪಕ್ಕೆ ಬಂದವರಾದರೂ ಯಾರು? ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ದಂಪತಿಗಳಾದ ಮಾರಯ್ಯ, ಲಕ್ಕಮ್ಮ. ಕಾಯಕದ ನಡುವೆಯೇ ಅರಿವು ಪಡೆದ ವಯಸ್ಕರು. ಅಕ್ಕಮಹಾದೇವಿಯ ಉಡುತಡಿ ನೆರೆಯ ಶಿಕಾರಿಪುರ ತಾಲೂಕಿನಲ್ಲೇ ಇದೆ.

ಹಾಗಾಗಿ ಮಲೆನಾಡಿನ ಮಠಗಳ ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಮಠದ ಒಂದು ಕೋಣೆಯನ್ನು ಮಧ್ಯಾಹ್ನ ಎರಡರಿಂದ ಐದರವರೆಗೆ ಓದಿಗೆ ಬಿಡಿ. ಹೊರಗೆ ಮಕ್ಕಳನ್ನು ನೋಡಿಕೊಳ್ಳಲು ಅಕ್ಕನ ಬಳಗದವರು ಸರದಿಯ ಮೇಲೆ ಇರಲಿ. ನಿವೃತ್ತ ಪಿಯು ಉಪನ್ಯಾಸಕರು ವಾರಕ್ಕೆರಡು ಗಂಟೆ ಭೌತಶಾಸ್ತ್ರ ಹೇಳಿಕೊಡಲಿ, ಅದೂ ದಾಸೋಹವೇ. ಇದಕ್ಕೆ ಹೊಸ ಕಟ್ಟಡ ಬೇಡ, ಶಿಲಾನ್ಯಾಸ ಮೊದಲೇ ಬೇಡ. ಕಳೆದ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಆಚೆಯವರು ಲಾಂಚಿನ ಹೊತ್ತು ಕಾಯದೆ ಸಾಗರಕ್ಕೆ ಬಂದುಹೋಗುತ್ತಿದ್ದಾರೆ. ದಾರಿಯ ನೆಪ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಎಲ್ಲರೂ ಇದಕ್ಕೆ ಇಳಿಯಲಿ ಎಂದು ನಾನು ಹೇಳುತ್ತಿಲ್ಲ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಕೋಚಿಂಗಿಗೆ ಸಾಲ ಮಾಡುವ ಮೊದಲು ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಿ. ಎರಡು ತಿಂಗಳು ಓದಿ ಮತ್ತೆ ಬರೆಯಿರಿ. ಅಂಕ ಏರುತ್ತಿದ್ದರೆ ಮುಂದುವರಿಯಿರಿ. ಏರದಿದ್ದರೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಇದೆ; ಪದವಿ ಆದವರಿಗೆ ಬಿ.ಇಡಿ., ಮೂರು ವರ್ಷದ ಕಾನೂನು ಪದವಿ ಇವೆ. ಯಾವುದೂ ಕೀಳಲ್ಲ.

ಆ ಅತ್ತೆಯವರಿಗೆ ಅಂದು ನಾನು ಹೇಳಿದ್ದು ಇಷ್ಟೇ: ಈ ಒಂದು ಸುಗ್ಗಿಗೆ ಸೊಸೆಯ ಪಾಲಿನ ಸುಲಿತಕ್ಕೆ ಆಳು ಹಚ್ಚಿ, ಅದನ್ನು ಮಠಕ್ಕೆ ಕೊಡುವ ಕಾಣಿಕೆ ಎಂದು ಲೆಕ್ಕ ಬರೆದುಕೊಳ್ಳಿ. ಅವರು ಒಪ್ಪಿದರೋ ಇಲ್ಲವೋ, "ನೋಡೋಣ" ಎಂದರು. ಕೋಣೆ ಕೊಡಬಲ್ಲ ಮಠಗಳೂ ಪಾಠ ಹೇಳಬಲ್ಲ ಉಪನ್ಯಾಸಕರೂ ದೀಪಾವಳಿಯೊಳಗೆ ಈ ಪತ್ರಿಕೆಗೆ ಬರೆದರೆ ಮುಂದಿನ ಸಂಚಿಕೆಯಲ್ಲಿ ತಾಲೂಕುವಾರು ಪ್ರಕಟಿಸುತ್ತೇವೆ.