ಲಂಕೆಯಲ್ಲಿ ಉಳಿದ ಮಾರಿಸ್ ಮೈನರ್

ಹಳೆಯ ಮಾರಿಸ್ ಮೈನರ್ ಕಾರು ಎಲ್ಲಾದರೂ ಕಣ್ಣಿಗೆ ಬಿದ್ದರೆ ಮೊದಲು ಅದರ ಬಾನೆಟ್ ನೋಡಿ. ನಟ್ಟನಡುವೆ ಒಂದು ಪಟ್ಟಿ ಕೊಂಚ ಉಬ್ಬಿಕೊಂಡು ಉದ್ದಕ್ಕೂ ಸಾಗಿರುತ್ತದೆ. ಅಂದಕ್ಕೆಂದು ಮಾಡಿದ್ದಲ್ಲ ಅದು. ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಅವರಿಗೆ ತಾವು ಸಿದ್ಧಪಡಿಸಿದ್ದ ಮಾದರಿ ತೀರಾ ಸಪೂರವಾಯಿತು ಅನ್ನಿಸಿತು. ಕಾರನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿಸಿ, ಹೋಳುಗಳನ್ನು ದೂರ ಸರಿಸುತ್ತ ಹೋಗಿ, ಕಣ್ಣಿಗೆ ಒಪ್ಪಿದಲ್ಲಿ ನಿಲ್ಲಿಸಿದರು. ಅಂತರ ನಾಲ್ಕು ಇಂಚು. ಬಂಪರುಗಳು ಅಷ್ಟರಲ್ಲೇ ತಯಾರಾಗಿಬಿಟ್ಟಿದ್ದವು. ಅವನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಿದರು. ಹೀಗೆ ತೇಪೆಯೊಂದಿಗೇ ಹುಟ್ಟಿದ ಕಾರು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜನರೆದುರು ಬಂತು. ಮುಂದೆ 16 ಲಕ್ಷ ಮೈನರ್‌ಗಳು ರಸ್ತೆಗಿಳಿದವು.

1970ರ ದಶಕದ ಆರಂಭದಲ್ಲಿ ಬ್ರಿಟನ್ ಇದರ ತಯಾರಿಕೆ ನಿಲ್ಲಿಸಿತು. ಅದೇ ಹೊತ್ತಿಗೆ ಶ್ರೀಲಂಕಾದಲ್ಲಿ ವಿದೇಶಿ ವಿನಿಮಯಕ್ಕೆ ಬರ. ಆಮದಿಗೆ ಬಿಗಿ ಕಡಿವಾಣ. 1977ರಲ್ಲಿ ಬಾಗಿಲು ತೆರೆಯುವವರೆಗೆ ಹೊಸ ಕಾರು ಜನಸಾಮಾನ್ಯರ ಕೈಗೆಟುಕಲಿಲ್ಲ. ಬ್ರಿಟನ್ನಿನಿಂದ ಮೊದಲೇ ಬಂದಿದ್ದ ಮೈನರ್‌ಗಳೇ ಗತಿ. ಮನೆಯ ಕಾರಾಗಿ, ಟ್ಯಾಕ್ಸಿಯಾಗಿ ಅವು ಓಡುತ್ತಲೇ ಇದ್ದವು. ಕಡಲಗಾಳಿಗೆ ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬಡಿದು ಕೂರಿಸುವ ಕೈಗಳು ಅಲ್ಲಿ ಪಳಗಿದವು.

ಈ ಕಾರಿಗೆ ಒಂದು ದೌರ್ಬಲ್ಯವಿದೆ. ಮುಂದಿನ ಚಕ್ರಗಳನ್ನು ಹೊತ್ತು ತಿರುಗಿಸುವ ಪಿನ್ನು ಕೆಳಗೆ ಥ್ರೆಡ್‌ನಲ್ಲಿ ಕೂತಿರುತ್ತದೆ. ಗ್ರೀಸ್ ಗನ್ ಹಿಡಿದು ಆಗಾಗ ಅಲ್ಲಿಗೆ ಗ್ರೀಸ್ ಹೊಡೆಯಬೇಕು. ಮರೆತರೆ ಥ್ರೆಡ್ ಸವೆದು ಒಂದು ದಿನ ಚಕ್ರ ಮಡಚಿಕೊಂಡು ಕಾರು ನೆಲಕ್ಕೆ ಕುಸಿಯುತ್ತದೆ. ದಿನವೂ ಕಾರು ಓಡಿಸಿ ಹೊಟ್ಟೆ ಹೊರೆಯುವವನು ಇದನ್ನು ಮರೆಯುವುದಿಲ್ಲ. ಹೊದಿಕೆ ಹಾಕಿ ಶೆಡ್ಡಿನಲ್ಲಿ ನಿಲ್ಲಿಸಿ ವರ್ಷಕ್ಕೊಮ್ಮೆ ಮೆರವಣಿಗೆಗೆ ತರುವವರ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ನನ್ನ ಗೌರವ ಹೆಚ್ಚು ಸಲ್ಲುವುದು ಆ ಗ್ರೀಸ್ ಗನ್ನಿಗೆ.

ಇಂಗ್ಲೆಂಡಿನ ಬಾತ್ ನಗರದಲ್ಲಿ ಮಾರಿಸ್ ಮೈನರ್ ಕೇಂದ್ರ ನಡೆಸುತ್ತಿದ್ದ ಚಾರ್ಲ್ಸ್ ವೇರ್ ಇಂಥ ಆರೈಕೆಯ ಬೆಲೆ ಅರಿತಿದ್ದರು. ಹೊಸದು ಕೊಳ್ಳುವುದಕ್ಕಿಂತ ಇರುವ ಕಾರನ್ನೇ ಮತ್ತೆ ಮತ್ತೆ ದುರಸ್ತಿ ಮಾಡಿ ಬಾಳಿಸುವುದು ಅಗ್ಗ ಎಂದು 1982ರಲ್ಲಿ ಪುಸ್ತಕವನ್ನೇ ಬರೆದರು. ಬಿಡಿಭಾಗಗಳಿಗಾಗಿ ಅವರು ಮುಖ ಮಾಡಿದ್ದು ಶ್ರೀಲಂಕಾದತ್ತ. 1990ರ ದಶಕದಲ್ಲಿ ಅಲ್ಲಿಯ ಉದ್ಯಮಿಯೊಬ್ಬರೊಂದಿಗೆ ಸೇರಿ ಮೈನರ್‌ನ ತಗಡಿನ ಭಾಗಗಳನ್ನು ಮಾಡಿಸತೊಡಗಿದರು. ಬ್ರಿಟನ್ನಿನಿಂದ ಹಡಗಿನಲ್ಲಿ ಬಂದ ಕಾರಿಗೆ ಬೇಕಾದ ತಗಡು ಲಂಕೆಯಿಂದ ಬ್ರಿಟನ್ನಿಗೆ ಹೋಯಿತು!

ನಮಗೂ ಇದೇ ಬಳಗದ ನಂಟಿದೆ. ಮೈನರ್ ನಮ್ಮಲ್ಲಿ ಬೇಬಿ ಹಿಂದೂಸ್ತಾನ್ ಆಗಿತ್ತು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿಯೇ ನಮ್ಮ ಅಂಬಾಸಿಡರ್. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಿತು. ಆ ಕಾರಿನ ಒಳಹೊರಗು ಬಲ್ಲ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಆದರೆ ಅವರಿಗೆ ವಯಸ್ಸಾಗಿದೆ. ಹಿತ್ತಲಲ್ಲಿ ನಿಂತ ಅಂಬಾಸಿಡರನ್ನು ಗುಜರಿಗೆ ಹಾಕುವ ಮುನ್ನ ದಯವಿಟ್ಟು ಅವರಲ್ಲೊಬ್ಬರನ್ನು ಕರೆಸಿ ತೋರಿಸಿ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಮ್ಮ ಮನೆಯ ಹುಡುಗರೂ ಇರಲಿ.