ನಕಲು ಕ್ಯಾಸೆಟ್ಟಿನ ಪಾಪ

ಮೊನ್ನೆ ನಮ್ಮ ಮಹಿಳಾ ಸಮಾಜದ ಸಮಾರಂಭದಲ್ಲಿ ಅತಿಥಿಗಳೊಬ್ಬರು ಬೆರಳು ತೋರಿಸಿ ಹೇಳಿದರು: "ಕಲಾವಿದರ ಹೊಟ್ಟೆಯ ಮೇಲೆ ಹೊಡೆದವರು ಪುಕ್ಕಟೆ ಹಾಡು ಕೇಳುವವರೇ. ಅಂದು ಕ್ಯಾಸೆಟ್ ನಕಲು, ಆಮೇಲೆ ಕಂಪ್ಯೂಟರಿನಿಂದ ಇಳಿಸಿಕೊಂಡದ್ದು." ಎದುರು ಸಾಲಿನಲ್ಲಿದ್ದ ನಾನು ತಲೆ ತಗ್ಗಿಸಬೇಕಿತ್ತೇನೋ. ತಗ್ಗಿಸಲಿಲ್ಲ.

ನಕಲು ಮಾಡಿದ್ದೇನೆ, ಸುಳ್ಳೇಕೆ? 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆ ನಮ್ಮ ಅಡುಗೆಮನೆಗಳವರೆಗೂ ನಡೆದು ಬಂತಲ್ಲ, ಅದರ ನಂತರದ ವರ್ಷಗಳವು. ಅತ್ತಿಗೆಯ ಟೇಪ್ ರೆಕಾರ್ಡರ್, ನಮ್ಮದು, ಎರಡನ್ನೂ ಎದುರುಬದುರು ಇಟ್ಟು, ಬಾಗಿಲು ಹಾಕಿ, ಮಕ್ಕಳಿಗೆ ಉಸಿರೆತ್ತಬೇಡಿರೆಂದು ಗದರಿಸಿ ಮಾಡಿಕೊಂಡ ನಕಲು. ಆದರೂ ಒಂದು ಹಾಡಿನ ನಡುವೆ ಕುಕ್ಕರ್ ಕೂಗಿಬಿಟ್ಟಿತು. ಇಂದಿಗೂ ಆ ಹಾಡು ಎಲ್ಲೇ ಕೇಳಲಿ, ಅಲ್ಲಿಗೆ ಬಂದಾಗ ನನ್ನ ಕಿವಿ ಸೀಟಿಗೆ ಕಾಯುತ್ತದೆ. ಹಾಗೆ ಬಾಯಿಪಾಠವಾದ ಮೇಲೆ ತಾನೇ ನಾವು ಗಾಯಕರ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡದ್ದು, ಕೈಯಲ್ಲಿ ನಾಲ್ಕು ಕಾಸಾದಾಗ ಅಸಲಿ ಕ್ಯಾಸೆಟ್ಟನ್ನೂ ತಂದದ್ದು?

ಸಾವಿರಗಟ್ಟಲೆ ನಕಲು ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಮಾರಿದವನು ಕಳ್ಳ. ಅವನ ಪರ ನಾನು ಮಾತಾಡುವುದಿಲ್ಲ. ಆದರೆ ನಮ್ಮಿಬ್ಬರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆಯಬೇಡಿ.

ನಮ್ಮ ಚಿಕ್ಕಮ್ಮ ಒಂದು ದೇವರನಾಮದ ಕ್ಯಾಸೆಟ್ಟಿಗೆ ಹಾಡಿದ್ದರು. ಕಂಪನಿಯವರು ಒಂದೇ ಸಲ ಒಂದಿಷ್ಟು ದುಡ್ಡು, ಹತ್ತು ಕ್ಯಾಸೆಟ್ ಕೊಟ್ಟು ಸಹಿ ಹಾಕಿಸಿಕೊಂಡರು. ಅದು ಜಾತ್ರೆ ಜಾತ್ರೆಗಳಲ್ಲಿ ಮಾರಾಟವಾಯಿತು. ಚಿಕ್ಕಮ್ಮನಿಗೆ ಮತ್ತೆ ಬಿಡಿಕಾಸು ಬರಲಿಲ್ಲ. ನಾನು ಅಸಲಿ ಕ್ಯಾಸೆಟ್ಟನ್ನೇ ಇನ್ನೂ ಹತ್ತು ಕೊಂಡಿದ್ದರೂ ಬರುತ್ತಿರಲಿಲ್ಲ. ಹೊಟ್ಟೆಯ ಮೇಲೆ ಹೊಡೆದವರು ಯಾರು, ಸ್ವಾಮಿ?

ಸಿನಿಮಾ ಹಾಡುಗಳ ಕಥೆಯೂ ಅಷ್ಟೇ. ಬೇರೆ ಕರಾರಿಲ್ಲದಿದ್ದರೆ ಹಕ್ಕು ನಿರ್ಮಾಪಕರದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕವಿ, ಸಂಗೀತ ನಿರ್ದೇಶಕರ ರಾಯಧನದ ಪಾಲನ್ನು ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ, ಹಾಡಿದವರಿಗೂ ಪಾಲುಂಟು ಎಂದು ಕಾನೂನು ತಿದ್ದಿದ್ದು 2012ರಲ್ಲಿ. ನಡುವೆ 35 ವರ್ಷ!

ಅಮೆರಿಕದಲ್ಲಿ 1999ರಲ್ಲಿ ನ್ಯಾಪ್‌ಸ್ಟರ್ ಶುರುವಾಗಿ ಜನ ಕಂಪ್ಯೂಟರಿನಲ್ಲೇ ಹಾಡು ಹಂಚಿಕೊಂಡಾಗ ಕಂಪನಿಗಳು ಕೋರ್ಟಿಗೆ ಹೋಗಿ 2001ರಲ್ಲಿ ಅದನ್ನು ನಿಲ್ಲಿಸಿದವು. ಮಾರಾಟಕ್ಕೆ ಬಿದ್ದ ಪೆಟ್ಟು ಹೆಚ್ಚುಕಡಿಮೆ ಸೊನ್ನೆ ಎಂದು 2007ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ತೋರಿಸಿದರು, ಬೇರೆಯವರು ಒಪ್ಪಲಿಲ್ಲ. ಪಂಡಿತರ ಜಗಳ ಪಂಡಿತರಿಗಿರಲಿ. ಉಳಿಸಿದ ದುಡ್ಡು ಹಾಡಿದವರಿಗೆ ಎಷ್ಟು ಮುಟ್ಟುತ್ತಿತ್ತು, ಅದನ್ನು ಹೇಳಿ.

ಅಂದಹಾಗೆ, ಅಂದು ಪ್ರಾರ್ಥನೆಯಿಂದ ಹಿಡಿದು ಐದು ಭಾವಗೀತೆ ಹಾಡಿದ ಹುಡುಗಿಗೆ ನಾವು ಕೊಟ್ಟದ್ದು ಒಂದು ಹಾರ, ಒಂದು ತೆಂಗಿನಕಾಯಿ. ಅತಿಥಿಗಳಿಗೆ ಕಾರಿನ ಬಾಡಿಗೆ ಕೊಟ್ಟೆವು. ಮುಂದಿನ ಸಭೆಯಲ್ಲಿ ಈ ಮಾತು ಎತ್ತುತ್ತೇನೆ. ಖಜಾಂಚಿ ನಾನೇ.