ಫೋರ್ಟ್‌ನ ಕಲ್ಲಿಗೆ ಪಾರಂಪರಿಕ ಪಟ್ಟ, ಕೋಲಿವಾಡಕ್ಕೆ ಏಕಿಲ್ಲ ಹಕ್ಕುಪತ್ರ?

ಮುಂಬೈನ ಫೋರ್ಟ್‌ನಲ್ಲಿ ಪರಂಪರೆ ಎಂದರೆ ಕಲ್ಲಿನ ಕಟ್ಟಡ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 2018ರಲ್ಲಿ ಓವಲ್ ಮೈದಾನದ ಎರಡು ಬದಿಯ ಕಟ್ಟಡಗಳೂ ಸೇರಿದವು. ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ ಎಲ್ಲವೂ ಇದರಲ್ಲಿವೆ. ಅವುಗಳ ಒಂದು ಕಿಟಕಿ ಬದಲಿಸಬೇಕಾದರೂ ಸಮಿತಿಯ ಒಪ್ಪಿಗೆ ಬೇಕು.

ಅದೇ ಟರ್ಮಿನಸ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಕ್ರಾಫರ್ಡ್ ಮಾರುಕಟ್ಟೆಯ ಎದುರು, ಛತ್ರಪತಿ ಶಿವಾಜಿ ಮಹಾರಾಜ ಮಂಡಿ ಇತ್ತು. ಕೋಲಿ ಮಹಿಳೆಯರ ಮೀನಿನ ವ್ಯಾಪಾರಕ್ಕೆ ಅದು ದೊಡ್ಡ ಆಸರೆ. ಕಟ್ಟಡ ಶಿಥಿಲವಾಗಿದೆ ಎಂದು ಪಾಲಿಕೆ 2021ರಲ್ಲಿ ವ್ಯಾಪಾರಿಗಳನ್ನು ಎಬ್ಬಿಸಿ, ದೂರದ ಐರೋಲಿಗೆ ಹೋಗಿ ಎಂದಿತು. ಬೆಳಗಿನ ಜಾವ ಬಂದರಿನಿಂದ ಮೀನು ತಂದು ದಕ್ಷಿಣ ಮುಂಬೈನಲ್ಲೇ ಮಾರುವವರಿಗೆ ಖಾಡಿಯಾಚೆಯ ಐರೋಲಿಯಲ್ಲಿ ಏನು ಕೆಲಸ? ಮಹಿಳೆಯರು ಬೀದಿಗಿಳಿದರು. ನಂತರ ಅದೇ ಜಾಗವನ್ನು ಪಾಲಿಕೆ ಗುತ್ತಿಗೆ ಹರಾಜಿಗೆ ಇಡಲು ಹೊರಟಾಗ ಮತ್ತೆ ವಿರೋಧ ಎದ್ದಿತು. ಎರಡೂ ಬಾರಿ ಕೇಳಿಬಂದ ಪ್ರಶ್ನೆ ಒಂದೇ: ಈ ಊರನ್ನು ಮೊದಲು ಊರು ಮಾಡಿದವರಿಗೆ ಇಲ್ಲಿ ಏನು ಹಕ್ಕಿದೆ?

ಭೂಪಟದಲ್ಲಿ ಇಂದಿನ ದಕ್ಷಿಣ ಮುಂಬೈ ಸಮುದ್ರಕ್ಕೆ ಚಾಚಿದ ಕಿರಿದಾದ ಪರ್ಯಾಯ ದ್ವೀಪದಂತೆ ಕಾಣುತ್ತದೆ. ಪ್ರಕೃತಿ ಮಾಡಿದ್ದು ಹಾಗಲ್ಲ. ಕೊಲಾಬಾ, ಪುಟ್ಟ ಕೊಲಾಬಾ, ಬಾಂಬೆ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ದ್ವೀಪಗಳಿದ್ದವು. ನಡುವೆ ಉಬ್ಬರದಲ್ಲಿ ನೀರು ತುಂಬುವ, ಇಳಿತದಲ್ಲಿ ಕೆಸರಾಗುವ ಕಾಲುವೆಗಳು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಇದನ್ನು ಇಂಗ್ಲೆಂಡಿನ ದೊರೆಗೆ ಕೊಟ್ಟರು. 1668ರಲ್ಲಿ ದೊರೆ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಕಂಪನಿ ಕೋಟೆಗೋಡೆ ಕಟ್ಟಿತು. ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲು. 1860ರ ದಶಕದಲ್ಲಿ ಗೋಡೆ ಕೆಡವಿದರು. ಫೋರ್ಟ್ ಎಂಬ ಹೆಸರು ಉಳಿಯಿತು, ಒಂದು ಬಾಗಿಲಿನ ಹೆಸರು ರೈಲು ನಿಲ್ದಾಣದಲ್ಲಿ ಉಳಿಯಿತು.

ಉಳಿದದ್ದೆಲ್ಲ ಸಮುದ್ರ ತುಂಬಿಸಿದ ಕಥೆ. 18ನೇ ಶತಮಾನದ ಕೊನೆಯಲ್ಲಿ ಹಾರ್ನ್‌ಬಿ ಒಡ್ಡು ವರ್ಲಿಯ ಕಡೆಯ ನೀರನ್ನು ತಡೆಯಿತು. 1838ರಲ್ಲಿ ಕೊಲಾಬಾ ಕಾಸ್‌ವೇ, 1845ರಲ್ಲಿ ಮಾಹಿಮ್ ಕಾಸ್‌ವೇ ಬಂದವು. 20ನೇ ಶತಮಾನದಲ್ಲಿ ಬಲಾರ್ಡ್ ಎಸ್ಟೇಟ್, ಮರೀನ್ ಡ್ರೈವ್, ನರಿಮನ್ ಪಾಯಿಂಟ್ ಬಂದವು. ಪ್ರತಿ ಸಲ ನೀರು ಹಿಂದೆ ಸರಿದಾಗ ದೋಣಿ ಎಳೆದು ನಿಲ್ಲಿಸುವ, ಬಲೆ ಹರಡುವ, ಬೊಂಬಿಲ್ ಒಣಗಿಸುವ ಒಂದಿಷ್ಟು ದಡವೂ ಹೋಯಿತು. ಆ ಲೆಕ್ಕವನ್ನು ಯಾವ ಯೋಜನಾ ವರದಿಯೂ ಬರೆದಿಡಲಿಲ್ಲ.

ಹೆಸರುಗಳು ಮಾತ್ರ ಸಾಕ್ಷಿ ಹೇಳುತ್ತಿವೆ. ಕೊಲಾಬಾ ಎಂಬ ಹೆಸರನ್ನು ಸಾಮಾನ್ಯವಾಗಿ ಕೋಲಿಗಳೊಂದಿಗೆ ಜೋಡಿಸುತ್ತಾರೆ. ನಗರಕ್ಕೆ ಹೆಸರು ಕೊಟ್ಟ ಮುಂಬಾದೇವಿ ಕೋಲಿಗಳ ದೇವತೆ. ಅವಳ ಹಳೆಯ ಗುಡಿ ಈಗಿನ ಟರ್ಮಿನಸ್ ಇರುವ ಬೋರಿ ಬಂದರ್ ಬಳಿ ಇತ್ತು. 18ನೇ ಶತಮಾನದಲ್ಲಿ ಕೋಟೆಯ ರಕ್ಷಣೆಗೆಂದು ಅದನ್ನು ತೆರವು ಮಾಡಿದರು; ಈಗಿನ ಗುಡಿ ಭುಲೇಶ್ವರದಲ್ಲಿದೆ. ಅಂದರೆ ಫೋರ್ಟ್‌ನಿಂದ ಮೊದಲು ಒಕ್ಕಲೆಬ್ಬಿಸಿದ್ದು ದೇವಿಯನ್ನೇ ಎನ್ನಬಹುದು. 1995ರಲ್ಲಿ ಬಾಂಬೆ ಅಧಿಕೃತವಾಗಿ ಮುಂಬೈ ಆದಾಗ ಅವಳ ಹೆಸರು ಎಲ್ಲ ಸರ್ಕಾರಿ ಕಾಗದಕ್ಕೂ ಬಂತು. ಅವಳ ಒಕ್ಕಲಿನ ಮನೆಗಳು ಮಾತ್ರ ಕಂದಾಯ ದಾಖಲೆಗೆ ಸರಿಯಾಗಿ ಬಂದಿಲ್ಲ.

ಕಾನೂನಿನ ತೊಡಕು ಇಲ್ಲೇ ಇದೆ. ಕೋಲಿವಾಡ ಎಂದರೆ ಬರೀ ಮನೆಗಳ ಗುಂಪಲ್ಲ. ದೋಣಿ ನಿಲ್ಲುವ ದಡ, ಮೀನು ಒಣಗಿಸುವ ಅಂಗಳ, ಸಮುದ್ರಕ್ಕೆ ಹೋಗುವ ದಾರಿ ಎಲ್ಲ ಸೇರಿಯೇ ಅದು ಕೋಲಿವಾಡ. ಇವು ಯಾರೊಬ್ಬರ ಖಾಸಗಿ ಆಸ್ತಿಯಲ್ಲವಾದ್ದರಿಂದ ದಾಖಲೆಯಲ್ಲಿ ‘ಖಾಲಿ ಜಾಗ’ವಾಗಿ ಕಾಣುತ್ತವೆ. ಖಾಲಿ ಜಾಗ ಕಂಡರೆ ಮುಂಬೈನಲ್ಲಿ ಬಿಲ್ಡರ್ ಬಾರದೆ ಇರುತ್ತಾನೆಯೇ? ಗಡಿ ಗುರುತಿಸುವ ಕೆಲಸ ವರ್ಷಗಳಿಂದ ಎಳೆದಾಡುತ್ತಿದೆ. ಒತ್ತೊತ್ತಾಗಿ ಬೆಳೆದ ಕೋಲಿವಾಡವನ್ನು ಕೊಳೆಗೇರಿ ಎಂದು ಘೋಷಿಸಿದರೆ ಅದು ಪುನರ್ವಸತಿ ಯೋಜನೆಯ ದಾರಿ ಹಿಡಿಯುತ್ತದೆ. ಮೂಲನಿವಾಸಿ ಗಗನಚುಂಬಿಯೊಂದರ ಪುಟ್ಟ ಫ್ಲ್ಯಾಟಿನ ಫಲಾನುಭವಿಯಾಗುತ್ತಾನೆ. ಬಲೆ ಹರಡುವುದು ಎಲ್ಲಿ, ಹನ್ನೆರಡನೇ ಮಹಡಿಯಲ್ಲೇ?

ಕಾಡಿನಲ್ಲಿರುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ, ಅದರಲ್ಲಿ ಸಮುದಾಯದ ಹಕ್ಕಿಗೂ ಜಾಗವಿದೆ. ಕಡಲಿನವರಿಗೆ ಅಂಥ ಕಾಯ್ದೆ ಇಲ್ಲ. ಇರುವುದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಸಂಸತ್ತಿಗೆ ಹೋಗದೆ ಬದಲಿಸಬಹುದಾದ ಕಾಗದ. 2011ರದ್ದು ಮುಂಬೈ ಕೋಲಿವಾಡಗಳಿಗೆ ಪ್ರತ್ಯೇಕ ರಕ್ಷಣೆ ಹೇಳಿತ್ತು. 2019ರಲ್ಲಿ ಹೊಸ ಅಧಿಸೂಚನೆ ಬಂದು ಕರಾವಳಿಯ ನಿರ್ಮಾಣ ನಿಯಮಗಳು ಸಡಿಲವಾದವು. ಮಹಾರಾಷ್ಟ್ರದಲ್ಲಿ ಮಹಾದೇವ ಕೋಲಿಯಂಥ ಬೆಟ್ಟದ ಸಮುದಾಯಗಳು ಪರಿಶಿಷ್ಟ ಪಂಗಡದಲ್ಲಿವೆ, ಕಡಲ ಸೋನ್ ಕೋಲಿಗಳು ಅದರಲ್ಲಿಲ್ಲ.

ಒತ್ತಡ ಹಾಕಿದರೆ ಏನೂ ಸಿಗುವುದಿಲ್ಲ ಎಂದಲ್ಲ. ಮರೀನ್ ಡ್ರೈವ್‌ನಿಂದ ವರ್ಲಿಯವರೆಗಿನ ಕರಾವಳಿ ರಸ್ತೆಗೆ ಮತ್ತೆ ನೂರು ಹೆಕ್ಟೇರಿಗೂ ಹೆಚ್ಚು ಸಮುದ್ರ ತುಂಬಿಸಲಾಯಿತು. ವರ್ಲಿಯಲ್ಲಿ ದೋಣಿಗಳು ಹಾಯುವ ಕಡೆ ಸೇತುವೆಯ ಕಂಬಗಳ ನಡುವೆ 60 ಮೀಟರ್ ಅಂತರವಿತ್ತು. ಅಲೆ ಎದ್ದ ದಿನ ದೋಣಿ ಕಂಬಕ್ಕೆ ಬಡಿಯುತ್ತದೆ, 200 ಮೀಟರ್ ಬೇಕು ಎಂದು ಮೀನುಗಾರರು ಕೆಲಸ ತಡೆದರು. ಕೊನೆಗೆ 120 ಮೀಟರ್‌ಗೆ ಒಪ್ಪಂದವಾಯಿತು. 2024ರ ಮಾರ್ಚ್‌ನಲ್ಲಿ ರಸ್ತೆಯ ಮೊದಲ ಹಂತ ತೆರೆಯಿತು. ಆದರೆ ಆ 60 ಮೀಟರ್ ಹೆಚ್ಚಳ ಹೋರಾಟಕ್ಕೆ ಸಿಕ್ಕ ರಿಯಾಯಿತಿ, ಹಕ್ಕಲ್ಲ. ಮುಂದಿನ ಸೇತುವೆಗೆ ಮತ್ತೆ ಮೊದಲಿನಿಂದ ಹೋರಾಡಬೇಕು.

ವ್ಯತ್ಯಾಸ ತಿಳಿಯಲು ನ್ಯೂಜಿಲೆಂಡಿನ ಆಕ್ಲೆಂಡ್ ನೋಡಬೇಕು. ಅದೂ ಬಂದರು ನಗರ, ಅಲ್ಲೂ ಕಡಲಂಚಿನ ಭೂಮಿಗೆ ಬಂಗಾರದ ಬೆಲೆ. ನಗರದ ಬಾಸ್ಟಿಯನ್ ಪಾಯಿಂಟ್ ಎಂಬ ಭೂಶಿರದಲ್ಲಿ ಸರ್ಕಾರ ದುಬಾರಿ ಮನೆಗಳನ್ನು ಕಟ್ಟಲು ಹೊರಟಾಗ ಮಾವೋರಿಗಳ ನಾಟಿ ಫಾಟುವಾ ಪಂಗಡ 506 ದಿನ ಅಲ್ಲೇ ಕುಳಿತಿತು. 1978ರ ಮೇ ತಿಂಗಳಲ್ಲಿ 222 ಜನರನ್ನು ಬಂಧಿಸಿ ಎಬ್ಬಿಸಲಾಯಿತು. ಹತ್ತು ವರ್ಷದ ಬಳಿಕ ಸರ್ಕಾರ ಭೂಮಿ ಮರಳಿಸಲು ಒಪ್ಪಿತು. ಅದಕ್ಕೆ ಕಾರಣ ಸರ್ಕಾರದ ದಯೆಯಲ್ಲ. ಮಾವೋರಿಗಳ ಕೈಯಲ್ಲಿ 1840ರ ವೈಟಾಂಗಿ ಒಪ್ಪಂದವಿತ್ತು, ಅದರ ಉಲ್ಲಂಘನೆ ವಿಚಾರಿಸುವ ನ್ಯಾಯಮಂಡಳಿಯಿತ್ತು. 1992ರ ಇತ್ಯರ್ಥದಲ್ಲಿ ಮೀನುಗಾರಿಕೆಯ ಪಾಲೂ ಸಿಕ್ಕಿತು. ಅವರ ಪರಂಪರೆ ಕಾನೂನು ಪವಿತ್ರ ಸ್ಥಳಗಳನ್ನು ಕಟ್ಟಡ ಇಲ್ಲದಿದ್ದರೂ ಗುರುತಿಸುತ್ತದೆ. ಅಲ್ಲಿ ಎಲ್ಲವೂ ಸುಖವೆಂದು ಹೇಳಲಾಗದು. ಒಪ್ಪಂದವನ್ನು ಹೊಸದಾಗಿ ವ್ಯಾಖ್ಯಾನಿಸುವ ಮಸೂದೆ ವಿರುದ್ಧ 2024ರ ನವೆಂಬರ್‌ನಲ್ಲಿ ಸಾವಿರಾರು ಜನ ವೆಲ್ಲಿಂಗ್ಟನ್‌ಗೆ ನಡೆದರು. 2025ರ ಏಪ್ರಿಲ್‌ನಲ್ಲಿ ಮಸೂದೆ ಬಿದ್ದುಹೋಯಿತು. ಕೋಲಿಗಳ ಜತೆ ಇಂಗ್ಲಿಷರು ಅಂಥ ಒಪ್ಪಂದ ಮಾಡಿಕೊಳ್ಳಲಿಲ್ಲ. ಸ್ವತಂತ್ರ ಭಾರತವೂ ಮಾಡಿಕೊಂಡಿಲ್ಲ.

ಇದು ಮರಾಠಿಗರ ವಿಷಯ, ನಮಗೇನು ಎನ್ನುವ ಹಾಗಿಲ್ಲ. ಉಡುಪಿ, ದಕ್ಷಿಣ ಕನ್ನಡದಿಂದ ಬಂದ ಮೊಗವೀರರು 1902ರಲ್ಲೇ ಮುಂಬೈನಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಫೋರ್ಟ್‌ನ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ತುಳು, ಕನ್ನಡದ ಹುಡುಗರ ಕಥೆ ಕರಾವಳಿಯ ಎಷ್ಟೋ ಮನೆಗಳಲ್ಲಿದೆ. ಅವರು ಬಿಟ್ಟು ಬಂದ ದಡಕ್ಕೂ ಈಗ ಇದೇ ಪ್ರಶ್ನೆ ಬಂದಿದೆ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಸಾವಿರಾರು ಕುಟುಂಬಗಳು ಜಾಗ ಬಿಟ್ಟವು, ಪರಿಹಾರಕ್ಕೆ ದಶಕಗಳ ಕಾಲ ಅಲೆದವು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಂಕೋಲಾದ ಕೇಣಿಯಲ್ಲಿ 4,119 ಕೋಟಿ ರೂ. ಅಂದಾಜಿನ ಬಂದರು ಯೋಜನೆಗೆ 2025ರಲ್ಲಿ ಜನ ಬೀದಿಗಿಳಿದರು. ಖಾರ್ವಿ, ಹರಿಕಂತ್ರ, ಅಂಬಿಗರು ಬಲೆ ಒಣಗಿಸುವ ಮರಳು ಅಲ್ಲೂ ದಾಖಲೆಯಲ್ಲಿ ಅವರದ್ದಲ್ಲ.

ಸರ್ಕಾರಗಳು ತಕ್ಷಣ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ: ಮನೆಗಳ ಜತೆ ದಡ, ಒಣಗಿಸುವ ಅಂಗಳ, ದೋಣಿ ಹಾದಿಯನ್ನೂ ಸೇರಿಸಿ ಸರ್ವೆ ಮುಗಿಸುವುದು, ಅದನ್ನು ಸಮುದಾಯದ ಹೆಸರಿನಲ್ಲಿ ದಾಖಲಿಸುವುದು. ಮಹಾರಾಷ್ಟ್ರದಲ್ಲಿ ಗಡಿ ಗುರುತು ಇನ್ನೂ ಮುಗಿದಿಲ್ಲ, ಕರ್ನಾಟಕದಲ್ಲಿ ಅಂಥ ಸರ್ವೆಯ ಮಾತೇ ಅಪರೂಪ.